ಒತ್ತಿ ಬಿಡುವ ವಿದ್ಯೆ

ಯಂತ್ರಗಳು ಮನುಷ್ಯನ ಚರಿತ್ರೆಯನ್ನೇ ಬದಲಿಸಿವೆ ಎಂದು ತಿಳಿದವರು ಹೇಳುತ್ತಾರೆ; ನಾನೂ ಅದನ್ನು ಒಪ್ಪುವವನೇ. ಆದರೆ ನಮ್ಮ ಗ್ರಂಥಾಲಯಕ್ಕೆ ಬಂದ ಎರಡು ಕಂಪ್ಯೂಟರುಗಳು ಮೊದಲ ಕೆಲವು ವಾರಗಳಲ್ಲಿ ಬದಲಿಸಿದ್ದು ನಮ್ಮ ಸಿಪಾಯಿ ಮಧ್ಯಾಹ್ನ ಮಲಗುವ ಜಾಗವನ್ನು ಮಾತ್ರ. ಅಲ್ಲಿಯವರೆಗೆ ಆತ ಗೆಜೆಟಿಯರುಗಳ ಕಪಾಟಿನ ಹಿಂದೆ ಚಾಪೆ ಹಾಸುತ್ತಿದ್ದ. ಆ ಜಾಗದಲ್ಲಿ ಪೆಟ್ಟಿಗೆಗಳು ಬಂದು ಕೂತಮೇಲೆ ಹಳೆಯ ದಿನಪತ್ರಿಕೆಗಳ ರಾಶಿಯ ಬದಿಗೆ ಸರಿದ. "ಕಂಪ್ಯೂಟರ್ ಬಂದ ಮ್ಯಾಲ ಧೂಳ ಭಾಳ ಆಗೇತ್ರಿ ಸರ" ಎಂದು ನನ್ನಲ್ಲಿ ದೂರಿದ. ವಿಜ್ಞಾನದ ದುಷ್ಪರಿಣಾಮಗಳ ಬಗ್ಗೆ ನಾನು ಕೇಳಿದ ಮೊದಲ ಸಾಕ್ಷಿ ಅದು.

ಈ ಶತಮಾನ ಇನ್ನೂ ಎಳೆಯದಾಗಿದ್ದ ವರ್ಷಗಳವು. ನಾನು ಸವದತ್ತಿಯಲ್ಲಿ ಗ್ರಂಥಪಾಲಕ. ಕಡಿಮೆ ವರಮಾನದ ವಯಸ್ಕರಿಗೆ ಗಣಕಯಂತ್ರದ ಪ್ರಾಥಮಿಕ ತಿಳಿವಳಿಕೆ ಕೊಡಬೇಕೆಂದು ಮೇಲಿನಿಂದ ಆದೇಶ ಬಂದಿತ್ತು. ಕೊಡುವವರು ಯಾರು ಎಂಬ ಪ್ರಶ್ನೆ ಬಂದಾಗ ಇಡೀ ಗ್ರಂಥಾಲಯದ ಸಿಬ್ಬಂದಿಯಾದ ನಾನು ಮತ್ತು ಸಿಪಾಯಿ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಸೇವಾ ಹಿರಿತನದ ಮೇಲೆ ಆಯ್ಕೆ ನನ್ನದಾಯಿತು. ಬೆಳಗಾವಿಗೆ ಹೋಗಿ ಕೆಲವು ದಿನ ತರಬೇತಿ ಪಡೆದು, ಒಂದು ಕೈಚೀಲ ಮತ್ತು ಒಂದು ಮಾರ್ಗದರ್ಶಿ ಪುಸ್ತಕ ಹಿಡಿದು ಮರಳಿದೆ. ಅದಕ್ಕೂ ಮುಂಚಿನ ನನ್ನ ಅರ್ಹತೆ ಎಂದರೆ ಪ್ರಾಯದಲ್ಲಿ ಧಾರವಾಡದಲ್ಲಿ ಪಾಸು ಮಾಡಿದ ಟೈಪಿಂಗ್ ಪರೀಕ್ಷೆ. ಕಂಪ್ಯೂಟರ್ ಎಂದರೆ ತಲೆಯ ಮೇಲೆ ಟಿವಿ ಹೊತ್ತ ಟೈಪರೈಟರ್ ಎಂಬುದು ಆಗಿನ ನನ್ನ ಅಭಿಪ್ರಾಯ. ಅದನ್ನು ಬದಲಿಸಿಕೊಳ್ಳುವ ಪ್ರಸಂಗ ಈವರೆಗೂ ಬಂದಿಲ್ಲ.

ಮೊದಲ ದಿನ ಬಂದವರಲ್ಲಿ ಒಬ್ಬರು ಹಮಾಲರು, ಇಬ್ಬರು ಖಾನಾವಳಿಯ ಕೆಲಸದವರು, ರವಿಕೆ ಹೊಲಿಯುವ ಒಬ್ಬ ಹೆಣ್ಣುಮಗಳು, ಮತ್ತು ಕಾಲು ಎಳೆಯುತ್ತ ಬಂದ ಒಬ್ಬ ಲಾರಿ ಡ್ರೈವರು. ಎಲ್ಲರೂ ಹೊರಗೆ ಚಪ್ಪಲಿ ಬಿಟ್ಟು ಬಂದರು. ಮಾಸ್ತರ ನಿಂತಿರುವಾಗ ಕೂಡುವುದು ಮರ್ಯಾದೆಯಲ್ಲ ಎಂದು ಕೈಕಟ್ಟಿ ನಿಂತರು. ನಾನು ಕೂತೆ, ಅವರೂ ಕೂತರು. ಕೂತಲ್ಲಿಂದ ನನಗೆ ಯಾರ ಪರದೆಯೂ ಕಾಣಿಸಲಿಲ್ಲ. ನಾನು ಎದ್ದೆ, ಅವರೂ ಎದ್ದರು. ಹೀಗೆ ಸ್ವಲ್ಪ ಹೊತ್ತು ಪ್ರಾರ್ಥನೆಯಂತೆ ನಡೆದಮೇಲೆ ಒಂದು ರಾಜಿಯಾಯಿತು. ಎತ್ತರದ ಕಪಾಟಿನಿಂದ ಪುಸ್ತಕ ತೆಗೆಯುವ ಏಣಿಯ ನಡುವಿನ ಮೆಟ್ಟಿಲ ಮೇಲೆ ನಾನು ಕೂಡಬೇಕು, ಅವರು ಕುರ್ಚಿಯಲ್ಲಿ ಕೂಡಬೇಕು. ಮುಂದಿನ ಪಾಠಗಳನ್ನೆಲ್ಲ ನಾನು ಆ ಏಣಿಯ ಮೇಲಿನಿಂದಲೇ ಹೇಳಿದೆ.

ಹೊಲಿಗೆಯ ಆ ಹೆಣ್ಣುಮಗಳನ್ನು ಎಲ್ಲರೂ ಟೇಲರಕ್ಕ ಎನ್ನುತ್ತಿದ್ದರು. ಆಕೆ ಕೀಲಿಮಣೆಯ ಮುಂದೆ ಕೂತ ಕೂಡಲೇ ಬಲಗಾಲು ತನ್ನಷ್ಟಕ್ಕೆ ಮೇಜಿನ ಕೆಳಗೆ ಹೊಲಿಗೆ ಮಿಷನ್ನಿನ ಪೆಡಲ್ಲು ಹುಡುಕಿತು. ಅಲ್ಲಿ ಸಿಕ್ಕಿದ್ದು ಕರೆಂಟು ಹೋದಾಗ ಕಂಪ್ಯೂಟರನ್ನು ಸ್ವಲ್ಪ ಹೊತ್ತು ಜೀವದಿಂದಿಡುವ ಬ್ಯಾಟರಿ ಡಬ್ಬಿಯ ಗುಂಡಿ. ಎರಡೂ ಯಂತ್ರ ಕಣ್ಣು ಮುಚ್ಚಿದವು.

"ಅಯ್ಯಯ್ಯ, ಕಾಲ ತಾಗಿತ್ರಿ ಸರ!" ಎಂದು ಆಕೆ ಬಗ್ಗಿ ಡಬ್ಬಿಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಮರುದಿನ ಡಬ್ಬಿಯನ್ನು ಮೇಜಿನ ಮೇಲೆ ಪ್ರತಿಷ್ಠಾಪಿಸಿದೆವು.

ಇನ್ನು ಡ್ರೈವರು. ಊರವರು ಅವರನ್ನು ಉಸ್ತಾದ ಎನ್ನುತ್ತಿದ್ದರು. ನಾನೂ ಹಾಗೇ ಅನ್ನುತ್ತೇನೆ. ವಯಸ್ಸು ಐವತ್ತರ ಆಚೆ. ಗುಜರಾತದವರೆಗೆ ಅರಳೆ ಹೊತ್ತುಕೊಂಡು ಹೋಗಿ ಬಂದವರು. ಲಾರಿಗೆ ಹೇರಿದ ಅರಳೆಯ ಅಂಡಿಗೆಗಳ ಮೇಲೆ ತಾಡಪತ್ರಿ ಬಿಗಿಯುವಾಗ ಜಾರಿ ಬಿದ್ದು ಎಡ ಮೊಣಕಾಲು ಮಡಚದಂತಾಗಿತ್ತು. ಎಡಗಾಲು ಎಂದರೆ ಕ್ಲಚ್ಚು. ಕ್ಲಚ್ಚು ಇಲ್ಲವೆಂದರೆ ಲಾರಿ ಇಲ್ಲ.

ಬೈಲಹೊಂಗಲ ರಸ್ತೆಯ ಒಂದು ಅರಳೆ ಗಿರಣಿಯಲ್ಲಿ ಲಾರಿ ತೂಗುವ ಕಾಟಾ ಇತ್ತು. ಅದಕ್ಕೆ ಹೊಸದಾಗಿ ಕಂಪ್ಯೂಟರ್ ಕೂಡಿಸಿದ್ದರು. ಕೂಡಿಸಿದ ದಿನವೇ ಹಳೆಯ ಕಾಟಾ ಗುಮಾಸ್ತರು ಅದನ್ನೊಮ್ಮೆ ನೋಡಿ, ತಮಗೆ ವಯಸ್ಸಾಯಿತೆಂದು ಅರಿತುಕೊಂಡು ರಾಮದುರ್ಗಕ್ಕೆ ಮಗಳ ಮನೆಗೆ ಹೋಗಿಬಿಟ್ಟರು. ಗಿರಣಿಯ ಮಾಲೀಕರು ಉಸ್ತಾದರ ಲಾರಿಯಲ್ಲೇ ಎಷ್ಟೋ ಹಂಗಾಮು ಮಾಲು ಸಾಗಿಸಿದವರು. ಋಣವನ್ನು ಮರೆಯುವ ಜನವಲ್ಲ. "ಕಲತ ಬಾ, ಕುರ್ಚಿ ನಿಂದು. ಹಂಗಾಮ ಶುರು ಆಗೂದರಾಗ ಕಲೀಲಿಲ್ಲಂದ್ರ ಬೆಳಗಾವಿಂದ ಒಬ್ಬ ಆಪರೇಟರ್‌ನ ತರಸ್ತೀನಿ" ಎಂದಿದ್ದರು.

"ಈ ಕೆಲಸಾ ಸಿಗಲಿಲ್ಲಂದ್ರ ಏನ್ ಮಾಡವ್ರು?" ಎಂದು ನಾನು ಉಸ್ತಾದರನ್ನು ಕೇಳಿದ್ದೆ.

"ಹೆಂಡ್ತಿ ತಮ್ಮಂದು ಧಾರವಾಡ ರಸ್ತಾದಾಗ ಪಂಕ್ಚರ್ ದುಕಾನ ಐತ್ರಿ. ಬಾ ಅಂತಾನ. ಅಲ್ಲಿ ನೆಲದ ಮ್ಯಾಲ ಕುಂತ ಟಯರ್ ತಿಕ್ಕಬೇಕು. ಈ ಕಾಲಾಗ ಕುಂದರಾಕ ಬರಂಗಿಲ್ಲ. ಇನ್ನೊಂದ ಏನಂದ್ರ ಸರ, ಪಂಕ್ಚರ್‌ವಾಲಾಗೋಳಿಗೆ ಆಯುಷ್ಯದಾಗ ಎಷ್ಟ ಬೈದೇನಿ ನಾ. ಈಗ ಅಲ್ಲೇ ಹೋಗಿ ಕುಂತ್ರ ಬಂದವ್ರೆಲ್ಲಾ ನನಗ ತಿರಗಿ ಬೈತಾರ."

ಹೀಗೆ, ಪಾಠ ಕಲಿಯಲೇಬೇಕಾದ ಒಬ್ಬ ವಿದ್ಯಾರ್ಥಿ ನನಗೆ ಸಿಕ್ಕ. ಮಾಸ್ತರನಿಗೆ ಇದಕ್ಕಿಂತ ಗಾಬರಿಯ ಸಂಗತಿ ಬೇರೊಂದಿಲ್ಲ.

ಮಾರ್ಗದರ್ಶಿ ಪುಸ್ತಕದ ಮೊದಲ ಪಾಠ ಗಣಕಯಂತ್ರದ ಇತಿಹಾಸ. ಅದನ್ನು ಒಂದೇ ದಿನದಲ್ಲಿ ಮುಗಿಸಿದೆ, ಏಕೆಂದರೆ ಹಮಾಲರು ನಿದ್ದೆಹೋದರು. ಎರಡನೆಯ ಪಾಠ ಮೌಸು. ಉಸ್ತಾದರು ಅದನ್ನು ಎರಡೂ ಕೈಯಿಂದ ಹಿಡಿದು ಬಲಕ್ಕೆ ತಿರುಗಿಸಿದರು. ಬಾಣದ ಗುರುತು ಇದ್ದಲ್ಲೇ ಇತ್ತು. ಇನ್ನಷ್ಟು ತಿರುಗಿಸಿದರು. ಮೌಸು ಅಡ್ಡಾಯಿತು, ವೈರು ಮಣಿಕಟ್ಟಿಗೆ ಸುತ್ತಿತು.

"ಉಸ್ತಾದ, ತಿರಗಸೂದಲ್ರಿ. ಸರಸೂದು."

"ಸರಸಿದ್ರ ಗಾಡಿ ಹೆಂಗ ತಿರಗತೇತ್ರಿ?"

ಪ್ರಶ್ನೆ ಸರಿಯಾಗಿಯೇ ಇತ್ತು. ಕಾಟಾದ ಕಂಪ್ಯೂಟರಿನಲ್ಲಿ ಮೌಸೇ ಇಲ್ಲ, ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ ಮಾತ್ರ ಎಂದು ಗಿರಣಿಗೆ ಹೋಗಿ ನೋಡಿಕೊಂಡು ಬಂದೆ. ಲಾರಿಯ ನಂಬರು ಹೊಡೆಯಬೇಕು, ಮಾಲಿನ ಗುರುತಿನ ಅಂಕಿ ಹೊಡೆಯಬೇಕು, ತೂಕದ ಅಂಕಿ ಕುಣಿಯುವುದು ನಿಂತಮೇಲೆ ಎಂಟರ್ ಒತ್ತಬೇಕು, ಚೀಟಿ ಹೊರಬರುತ್ತದೆ. ಇಷ್ಟೇ ವಿದ್ಯೆ. ಆದ್ದರಿಂದ ಉಸ್ತಾದರ ಮಟ್ಟಿಗೆ ಮೌಸನ್ನು ಪಠ್ಯದಿಂದ ಕೈಬಿಟ್ಟು ನೇರ ಕೀಲಿಮಣೆಗೆ ಬಂದೆವು. ಇಂಗ್ಲಿಷ್ ಅಕ್ಷರ ಅವರಿಗೆ ಲಾರಿಗಳ ನಂಬರಿನಿಂದ ಪರಿಚಯವಿದ್ದವು. ಹುಡುಕಿ ಹುಡುಕಿ 'ಕೆ' ಕಂಡುಕೊಂಡು, ತೋರುಬೆರಳು ಇಟ್ಟು, ಒತ್ತಿದರು.

ಪರದೆಯ ಮೇಲೆ ಒಂದು 'ಕೆ' ಮೂಡಿತು. ಅದರ ಹಿಂದೆ ಇನ್ನೊಂದು. ಆಮೇಲೆ ಸಾಲಿಗೆ ಸಾಲೇ.

"ಬಿಡ್ರಿ ಉಸ್ತಾದ, ಬಿಡ್ರಿ!"

"ಒತ್ತಂತ ನೀವs ಹೇಳಿದ್ರಲ್ಲಾ."

"ಒತ್ತಿ ಬಿಡ್ರಿ ಅಂದೆ."

ಟೇಲರಕ್ಕ ಪಕ್ಕದ ಯಂತ್ರದಿಂದ ಇಣುಕಿದಳು. "ಯಾಕ್ರಿ ಚಾಚಾ, ಗುಡ್ಡದ ತಿರುವಿನ್ಯಾಗ ಎಮ್ಮಿ ಅಡ್ಡ ಬಂತೇನು?"

ಆಗ ನನಗೆ ಹೊಳೆಯಿತು. ಅವರು ಒತ್ತುತ್ತಿದ್ದುದು ಅಕ್ಷರವನ್ನಲ್ಲ, ಹಾರ್ನನ್ನು. ಅಳಿಸಲು ಹೇಳಿದೆ, ಅಳಿಸುವ ಕೀಲಿಯನ್ನೂ ಹಾಗೆಯೇ ಒತ್ತಿ ಹಿಡಿದರು. ಕೆಟ್ಟ ಸಾಲಿನ ಜತೆಗೆ ಟೇಲರಕ್ಕ ಬೆಳಿಗ್ಗೆ ಅದೇ ಯಂತ್ರದಲ್ಲಿ ಹೊಡೆದಿಟ್ಟಿದ್ದ ಒಳ್ಳೆಯ ಸಾಲುಗಳೂ ಹೋದವು.

"ನನ್ನ ಹೆಸರ ಹೋತಲ್ರಿ!" ಎಂದಳು ಆಕೆ.

ಒಂದು ವಾರ ಹೀಗೇ ನಡೆಯಿತು. ನಾನು ಏಣಿಯ ಮೇಲಿನಿಂದ "ಬಿಡ್ರಿ" ಎನ್ನುವುದು, ಅವರು ಬೆಚ್ಚಿ ಬಿಡುವುದು. ಅಷ್ಟರಲ್ಲಿ ಕರೆಂಟು ಹೋಗುವುದು. ಆಗ ಕರೆಂಟು ಪಾಳಿಯ ಮೇಲೆ ಬರುತ್ತಿತ್ತು. ಪಾಳಿ ಯಾವುದೆಂದು ಕರೆಂಟಿಗೆ ಮಾತ್ರ ಗೊತ್ತಿತ್ತು. ಬ್ಯಾಟರಿ ಡಬ್ಬಿ ಕುಂಯ್ ಕುಂಯ್ ಎನ್ನುತ್ತಿದ್ದಂತೆ ಎಲ್ಲರೂ ಎದ್ದು ನಿಲ್ಲುತ್ತಿದ್ದರು.

ಈ ನಡುವೆ ಸಿಪಾಯಿ ತನ್ನ ಜವಾಬ್ದಾರಿ ಅರಿತು, ಕೀಲಿಮಣೆಯಲ್ಲಿ ಅಕ್ಷರಗಳು ಒಂದಕ್ಕೆ ಹತ್ತಾಗಿ ಬರುತ್ತವೆ ಎಂದು ದೂರಿನ ಪುಸ್ತಕದಲ್ಲಿ ಬರೆದಿಟ್ಟಿದ್ದ. ಬೆಳಗಾವಿಯಿಂದ ರಿಪೇರಿಯವನು ಬಂದ. ಅಂದು ನಾನು ತಾಲೂಕು ಕಚೇರಿಯ ಸಭೆಯಲ್ಲಿದ್ದೆ. ಬಂದವನು ದೂರು ಓದಿದ, ಯಂತ್ರದಲ್ಲಿ ಏನೋ ಒತ್ತಿದ, ಚಹಾ ಕುಡಿದು ಹೋದ. ಮರುದಿನ ಉಸ್ತಾದರು 'ಕೆ' ಒತ್ತಿ ಹಿಡಿದರೆ ಒಂದೇ 'ಕೆ' ಬಂತು. ಎಷ್ಟು ಹಿಡಿದರೂ ಒಂದೇ.

"ಮಿಷನ್ ಬ್ಯಾನಿ ಇತ್ರಿ ಸರ, ನನ್ನ ತಪ್ಪಲ್ಲ" ಎಂದರು ಉಸ್ತಾದರು. ನಾನು ಸಂತೋಷದಿಂದ ಒಪ್ಪಿದೆ. ರೋಗ ಮಿಷನ್ನಿನದು ಎನ್ನುವುದು ಶಿಷ್ಯನಿಗೂ ಮಾಸ್ತರನಿಗೂ ಗೌರವದ ತೀರ್ಮಾನ.

ಅಲ್ಲಿಂದ ಅವರ ಪ್ರಗತಿ ಅಪ್ರತಿಹತವಾಗಿ ಸಾಗಿತು. ಮಹಾರಾಷ್ಟ್ರ, ಗುಜರಾತ, ಆಂಧ್ರದ ಲಾರಿಗಳೆಲ್ಲ ನಮ್ಮ ಗ್ರಂಥಾಲಯದ ಪರದೆಯ ಮೇಲೆ ಹಾದುಹೋದವು. ದಸರೆ ಕಳೆದ ಮೇಲೆ, ವಿದ್ಯಾರ್ಥಿ ತಯಾರಾಗಿದ್ದಾರೆ ಎಂದು ನಾನೇ ಗಿರಣಿಗೆ ಹೇಳಿಕಳಿಸಿದೆ. ಒಂದು ದಿನ ನಾವಿಬ್ಬರೂ ಪರೀಕ್ಷೆಗೆ ಹೋದೆವು. ಉಸ್ತಾದರು ಇಸ್ತ್ರಿ ಮಾಡಿದ ಅಂಗಿ ಹಾಕಿದ್ದರು.

ಕಾಟಾದ ಮೇಲೆ ಹತ್ತಿಕಾಳು ತುಂಬಿದ ಲಾರಿ ನಿಂತಿತ್ತು. ಹಿಂದೆ ಇನ್ನೂ ನಾಲ್ಕಾರು ಗಾಡಿ. ಅವುಗಳ ಡ್ರೈವರುಗಳು, ಅಂದರೆ ಉಸ್ತಾದರ ಹಳೆಯ ಸಂಗಾತಿಗಳು, ಕಿಟಕಿಯ ಹೊರಗೆ ಸೇರಿದ್ದರು. ಮಾಲೀಕರು ಪಕ್ಕದಲ್ಲಿ ನಿಂತರು. ಉಸ್ತಾದರು ಬಿಸ್ಮಿಲ್ಲಾ ಎಂದು 'ಕೆ' ಒತ್ತಿದರು.

ಲಾರಿ ನಂಬರಿನ ಜಾಗದ ತುಂಬ 'ಕೆ' ತುಂಬಿಕೊಂಡಿತು. ಯಂತ್ರ ಕೀಂ ಎಂದಿತು. ಗಾಬರಿಯಲ್ಲಿ ಅವರ ಬೆರಳು ಎಂಟರ್ ಮೇಲೆ ಹೋಯಿತು, ಅಲ್ಲೇ ನಿಂತಿತು. ಚೀಟಿಯ ಹಿಂದೆ ಚೀಟಿ, ಅದರ ಹಿಂದೆ ಚೀಟಿ, ಪ್ರಿಂಟರು ಕರ್ರೋ ಕರ್ರೋ ಎಂದು ಕಾರತೊಡಗಿತು. ಕೊನೆಗೆ ಮಾಲೀಕರೇ ಅವರ ಕೈ ಎತ್ತಿದರು. ಒಂದು ಚೀಟಿ ಹರಿದು ಕನ್ನಡಕದ ಹತ್ತಿರ ಹಿಡಿದು ನೋಡಿದರು.

"ಉಸ್ತಾದ, ಇದ ಯಾವ ರಾಜ್ಯದ ಪಾಸಿಂಗು?"

ಕಿಟಕಿಯ ಹೊರಗೆ ನಗೆ ಎದ್ದಿತು. ಯಾರೋ ಲಾರಿ ಹತ್ತಿ ಉದ್ದಕ್ಕೆ ಹಾರ್ನ್ ಹೊಡೆದರು. ಉಸ್ತಾದರು ಅತ್ತ ನೋಡಲಿಲ್ಲ.

ಮಾಲೀಕರು ಬೈಯಲಿಲ್ಲ. "ದೀಪಾವಳಿ ಪಾಡ್ಯಾದ ದಿನ ಕಾಟಾ ಪೂಜಿ. ಅವತ್ತಿನ ಮೊದಲನೇ ತೂಕದ ಚೀಟಿ ಲಕ್ಷ್ಮಿ ಮುಂದ ಇಡೂದು ನಮ್ಮಪ್ಪನ ಕಾಲದ ಪದ್ಧತಿ. ಅದರಾಗ ಒಂದ ಅಕ್ಷರ ಹೆಚ್ಚೂಕಡಿಮಿ ಆದ್ರ ಮನ್ಯಾಗ ಹೆಣ್ಮಕ್ಕಳು ವರ್ಷಾನಗಟ್ಲೆ ಅದನ್ನs ಆಡ್ತಾರ. ಅಲ್ಲೀತನಕಾ ನಾನs ತೂಗತೀನಿ. ಅವತ್ತ ನೀ ಬಂದು ಮುಹೂರ್ತದ ಚೀಟಿ ಚಂದಂಗ ತಗದ್ರ ಆತು. ಇಲ್ಲಂದ್ರ ಬೆಳಗಾವ್ಯಾವ ಬರ್ತಾನ. ನನಗ ಬ್ಯಾರೆ ಹಾದಿ ಇಲ್ಲ" ಎಂದರು.

ಮರಳುವಾಗ ಟೆಂಪೋದಲ್ಲಿ ಉಸ್ತಾದರು ಡ್ರೈವರನ ಪಕ್ಕದ ಸೀಟು ಬಿಟ್ಟು ಹಿಂದೆ ಕೂತರು. ಊರು ಹತ್ತಿರವಾದಾಗ, "ಸರ, ನಿಮ್ಮ ಹೆಸರ ಕೆಡಿಸಿದ್ನಿ" ಎಂದರು.

"ಕೆಡಸೂವಷ್ಟು ದೊಡ್ಡದಿಲ್ರಿ ನನ್ನ ಹೆಸರು" ಎಂದೆ.

ಮರುದಿನ ಬೆಳಗಾವಿಗೆ ಫೋನು ಮಾಡಿ ರಿಪೇರಿಯವನನ್ನು ಹಿಡಿದೆ. ಕೀಲಿ ಒತ್ತಿ ಹಿಡಿದರೂ ಒಂದೇ ಅಕ್ಷರ ಬರುವಂತೆ ಯಂತ್ರದೊಳಗೆ ಒಂದು ಸೆಟ್ಟಿಂಗ್ ಇದೆಯಂತೆ. ಕೈ ನಡುಗುವವರಿಗಾಗಿ ಮಾಡಿದ್ದಂತೆ. ದೂರು ಓದಿ ಅದನ್ನು ಹಾಕಿ ಹೋಗಿದ್ದನಂತೆ. ಎಲ್ಲ ಕ್ರಮಬದ್ಧ. ಹೇಗೆ ತೆಗೆಯುವುದೆಂದು ಕೇಳಿ ಬರೆದುಕೊಂಡೆ. ತೆಗೆದೆ. ಉಸ್ತಾದರು ಒತ್ತಿದರು. ಪರದೆಯ ತುಂಬ 'ಕೆ'.

ಸಿಪಾಯಿ ಸಲಹೆ ಕೊಟ್ಟ: "ಗಿರಣ್ಯಾಂದಕ್ಕೂ ಅದನ್ನs ಸೆಟ್ಟಿಂಗ್ ಹಾಕಿಬಿಡ್ರಲ್ಲಾ ಸರ. ಲೆಕ್ಕಾ ಮುಗೀತು."

ಆ ಯಂತ್ರವನ್ನು ಕಾಟಾ ಕಂಪನಿಯವರ ಹೊರತು ಯಾರೂ ಬಿಚ್ಚುವಂತಿರಲಿಲ್ಲ. ಬಿಚ್ಚಬಹುದಾಗಿದ್ದರೂ ಉಸ್ತಾದರು ಒಪ್ಪುತ್ತಿರಲಿಲ್ಲ. "ಬ್ಯಾಡ್ರಿ. ನಾಳೆ ಯಾರರ ಬಂದ ತಗದ್ರ? ಬ್ರೇಕ್ ಹತ್ತಲಾರದ ಗಾಡೀನ ಇಳಕಲಿನ್ಯಾಗ ಹೊಡದಂಗ ಆಗತೇತಿ. ನನ್ನ ಬೆರಳs ಕಲೀಬೇಕು."

ಹಾಗಾದರೆ ಬೆರಳು ಯಾಕೆ ಬಿಡುವುದಿಲ್ಲ? ನಾನು ಏಣಿಯಿಂದ ಇಳಿದು ಅವರ ಪಕ್ಕದಲ್ಲಿ ಕೂತು, ಬೈಯದೆ, ಅದನ್ನೇ ಕೇಳಿದೆ. ಅವರು ಹೇಳಿದರು: "ಹಾರ್ನ್ ಹೊಡದ್ರ ಮುಂದಿನಾಂವಗ ಕೇಳಿಸ್ತು ಅಂತ ಗೊತ್ತಾಗೂತನಕ ಬಿಡಬಾರದ್ರಿ. ಇದು ಕೇಳಿಸ್ತು ಅಂತ ಹೇಳೂದs ಇಲ್ಲ. ಮೂಕ ಐತಿ."

ಹೌದಲ್ಲ! ನಾನು ಕಲಿತ ಟೈಪರೈಟರು ಹಾಗಿರಲಿಲ್ಲ. ಒತ್ತಿದ ಕೂಡಲೇ ಟಕ್ ಎಂದು ಕಪಾಳಕ್ಕೆ ಹೊಡೆದಂತೆ ಉತ್ತರ ಕೊಡುತ್ತಿತ್ತು. ಬಿಡದೆ ಹಿಡಿದರೆ ಮುಂದಿನ ಅಕ್ಷರದ ಕಡ್ಡಿ ಬಂದು ಹಿಂದಿನದಕ್ಕೆ ಸಿಕ್ಕಿಬೀಳುತ್ತಿತ್ತು. ಆ ಜಾತಿಯ ಒಂದು ಯಂತ್ರ ನಮ್ಮ ಹಿಂದಿನ ಕೋಣೆಯಲ್ಲೇ ಇತ್ತು. ಅದನ್ನು ನಿರುಪಯುಕ್ತ ವಸ್ತುವೆಂದು ಬರೆದು ಹರಾಜಿಗೆ ಇಡಲಾಗಿತ್ತು. ಸರ್ಕಾರದ ದೃಷ್ಟಿಯಲ್ಲಿ ಅದು ತೀರಿಕೊಂಡಿತ್ತು. ತೀರಿಕೊಂಡವರಿಂದ ಪಾಠ ಹೇಳಿಸಲು ಯಾವ ನಿಯಮವೂ ಇಲ್ಲ. ಹೇಳಿಸಬಾರದೆಂಬ ನಿಯಮವೂ ಕಾಣಿಸಲಿಲ್ಲ.

ಅಂದು ನಾನು ನಿರ್ಧರಿಸಿದೆ. ಪಾಡ್ಯದ ಹಿಂದಿನ ವಾರದವರೆಗೆ ಉಸ್ತಾದರು ಕಂಪ್ಯೂಟರನ್ನು ಮುಟ್ಟಕೂಡದು. ಕಂಪ್ಯೂಟರ್ ತರಬೇತಿಯ ಹೆಸರಿನಲ್ಲಿ ಕಂಪ್ಯೂಟರ್ ಬಿಡಿಸಿದ ಗ್ರಂಥಪಾಲಕ ಇಲಾಖೆಯಲ್ಲಿ ಬೇರೆ ಯಾರಾದರೂ ಇದ್ದರೆ ಭೇಟಿಯಾಗಲು ನನಗೆ ಆಸೆ.

ಸಿಪಾಯಿ ಮತ್ತು ಹಮಾಲರು ಟೈಪರೈಟರನ್ನು ಹೆಣದಂತೆ ಹೊತ್ತು ತಂದರು. ಒಳಗೆ ಜೇಡನ ಸಂಸಾರವಿತ್ತು. ಟೇಲರಕ್ಕ ಹೊಲಿಗೆ ಮಿಷನ್ನಿನ ಎಣ್ಣೆಬುಡ್ಡಿ ತಂದು ಒಂದೊಂದೇ ಕಡ್ಡಿಗೆ ಹನಿ ಬಿಟ್ಟಳು. "ನಮ್ಮ ಮಿಷನ್ನಿನ ಅಕ್ಕ ಇದ್ದಂಗ ಅದಾಳ್ರಿ. ಕಾಲಿಲ್ಲ ಅಷ್ಟ" ಎಂದಳು. ರಿಬ್ಬನ್ನು ಒಣಗಿ ಬಟ್ಟೆಯಾಗಿತ್ತು, ಹೊಸದು ಸಿಗಲಿಲ್ಲ. ಕಾಗದದ ಮೇಲೆ ಕಾರ್ಬನ್ ಹಾಸಿ ಅದರ ಮೇಲೆ ಹೊಡೆಸಿದೆ.

ಉಸ್ತಾದರು 'ಕೆ' ಒತ್ತಿದರು. ಟಕ್ ಎಂದಿತು. ಬೆಚ್ಚಿದರು. ಹಿಡಿದುಕೊಂಡೇ ಇನ್ನೊಂದು ಕೈಯಿಂದ 'ಎ' ಒತ್ತಿದರು. ಎರಡು ಕಡ್ಡಿಗಳು ಕೊಂಬು ಹಾಕಿದ ಹೋರಿಗಳಂತೆ ಸಿಕ್ಕಿ ನಿಂತವು.

"ಕೆಟ್ತೇನ್ರಿ?"

"ಇಲ್ಲ. ನೀವs ಬಿಡಸ್ರಿ" ಎಂದೆ.

ಬೆರಳು ಕಪ್ಪಾಗಿಸಿಕೊಂಡು ಬಿಡಿಸಿದರು. ಮತ್ತೆ ಒತ್ತಿದರು, ಮತ್ತೆ ಸಿಕ್ಕಿತು, ಮತ್ತೆ ಬಿಡಿಸಿದರು. ಇಡೀ ಮಧ್ಯಾಹ್ನ ಅದೇ ಕೆಲಸ. ಹೊರಗೆ ಪತ್ರಿಕೆ ಓದುವವರು "ಏನ್ ಕಮ್ಮಾರಸಾಲಿ ಹಾಕೀರೇನ್ರಿ ಒಳಗ?" ಎಂದು ಕೂಗಿದರು. ಸಂಜೆಯ ಹೊತ್ತಿಗೆ ಉಸ್ತಾದರು ಕೈ ನಿಲ್ಲಿಸಿ, ಸಿಕ್ಕಿಬಿದ್ದ ಎರಡು ಕಡ್ಡಿಗಳನ್ನೇ ನೋಡುತ್ತ ಕೂತರು. ಆಮೇಲೆ ತಮ್ಮಷ್ಟಕ್ಕೆ ಹೇಳಿಕೊಂಡರು:

"ಅಲೆಲೆ... ಮಲಪ್ರಭಾ ಮ್ಯಾಲಿನ ಹಳೇ ಬ್ರಿಜ್ಜಿನಂಗ ಐತ್ರಿ ಇದು. ಒಂದs ಗಾಡಿ ಹಿಡಸ್ತೇತಿ. ಒಂದು ದಾಟಿ ಹೋಗೂಮಟಾ ಇನ್ನೊಂದು ಈ ಕಡೆ ನಿಂದರಬೇಕು."

"ಹೌದು."

"ಮದಲs ಹೇಳಬಾರದೇನ್ರಿ?"

ಆ ಸೇತುವೆಯ ಮಾತು ಮಾರ್ಗದರ್ಶಿ ಪುಸ್ತಕದಲ್ಲಿ ಇರಲಿಲ್ಲ.

ಮರುದಿನದಿಂದ ಸಿಕ್ಕು ಕಡಿಮೆಯಾಯಿತು. ಅವರು ಪ್ರತಿ ಅಕ್ಷರಕ್ಕೂ ಬಾಯಲ್ಲಿ "ದಾಟ್ತು" ಎಂದು ಹೇಳಿ ಮುಂದಿನದನ್ನು ಒತ್ತುತ್ತಿದ್ದರು. ಕೆ, ದಾಟ್ತು. ಎ, ದಾಟ್ತು. ಕರೆಂಟು ಹೋದರೂ ಈ ಪಾಠ ನಿಲ್ಲುತ್ತಿರಲಿಲ್ಲವಾದ್ದರಿಂದ ಉಳಿದವರೂ ಸರತಿಯಲ್ಲಿ ಬಂದು ಕೂತರು. ಕಂಪ್ಯೂಟರುಗಳು ಹೊದಿಕೆ ಹೊದ್ದು ಮಲಗಿದವು.

ಅದೇ ಹೊತ್ತಿಗೆ, ಎಲ್ಲ ಇಲಾಖೆಗಳಲ್ಲೂ ನಡೆಯುವಂತೆ, ತಪಾಸಣೆಗೆ ಮೇಲಧಿಕಾರಿಗಳು ಬಂದರು. ಅವರ ಕಣ್ಣಿಗೆ ಬಿದ್ದದ್ದು ಹೊದಿಕೆಯ ಎರಡು ಕಂಪ್ಯೂಟರು, ಕಪ್ಪು ಬೆರಳಿನ ಐದು ಜನ ವಯಸ್ಕರು, ಮತ್ತು ದಾಖಲೆಯ ಪ್ರಕಾರ ಇಲ್ಲವಾದ ಒಂದು ಟೈಪರೈಟರು.

"ಏನ್ರೀ ಇದು?"

"ಕರೆಂಟ್ ಇಲ್ಲದ ವೇಳೆಯ ಕಂಪ್ಯೂಟರ್ ಪಾಠ, ಸರ್."

"ಇದು ಟೈಪರೈಟರ್ ಅಲ್ವೇನ್ರೀ?"

"ಕೀಲಿಮಣೆ ಒಂದೇ ಇದೆ, ಸರ್. ಪರದೆ ಮಾತ್ರ ಇನ್ನೂ ಬಂದಿಲ್ಲ."

ಅಧಿಕಾರಿಗಳು ಯಂತ್ರದ ಮೇಲೆ ಬಗ್ಗಿದರು. ಉಸ್ತಾದರು ತಲೆ ಎತ್ತದೆ, "ಸಾಹೇಬ್ರ, ಜರಾ ಬಾಜೂ ನಿಂದರ್ರಿ, ಬೆಳಕ ಅಡ್ಡ ಆಗೇತಿ" ಎಂದರು. ಅಧಿಕಾರಿಗಳು ಬದಿಗೆ ಸರಿದರು. ಸ್ವಲ್ಪ ಹೊತ್ತಿನ ಮೇಲೆ ಅವರೂ ಎಂದೋ ಟೈಪಿಂಗ್ ಕಲಿತವರೆಂದು ಗೊತ್ತಾಯಿತು. ನಿಂತುಕೊಂಡೇ ತಮ್ಮ ಪೂರ್ತಿ ಹೆಸರು, ಪದನಾಮ ಹೊಡೆದು, ಆ ಕಾಗದವನ್ನು ಮಡಚಿ ಜೇಬಿಗೆ ಹಾಕಿಕೊಂಡರು. ವರದಿಯಲ್ಲಿ "ವಿದ್ಯುತ್ ಕಡಿತದ ಅವಧಿಯ ಪರ್ಯಾಯ ವ್ಯವಸ್ಥೆ ಗಮನಿಸಲಾಯಿತು" ಎಂದು ಬರೆದರು. ಗಮನಿಸಲಾಯಿತು ಎಂಬ ಮಾತಿಗೆ ಇಂದಿಗೂ ನಾನು ಆಭಾರಿ.

ಪಾಡ್ಯಕ್ಕೆ ವಾರ ಇದ್ದಾಗ ಉಸ್ತಾದರನ್ನು ಮತ್ತೆ ಕಂಪ್ಯೂಟರಿಗೆ ಕೂಡಿಸಿದೆ. ಮೊದಲ ಅಕ್ಷರಕ್ಕೆ ಮೂರು ಬಂದವು. ಅವರು ಕೈ ಎತ್ತಿ, ಕಣ್ಣು ಮುಚ್ಚಿ, "ಬ್ರಿಜ್" ಎಂದುಕೊಂಡರು. ಮುಂದಿನದು ಒಂದೇ ಬಂತು. ಆಮೇಲೆ ಒಂದೊಂದೇ. ಟೇಲರಕ್ಕ ಬೇಕೆಂದೇ ಅವರ ಬೆನ್ನ ಹಿಂದೆ ನಿಂತು ಬಾಯಲ್ಲಿ ಪೋಂ ಪೋಂ ಎಂದು ಹಾರ್ನ್ ಮಾಡುತ್ತಿದ್ದಳು.

"ಸುಮ್ನಿರವಾ, ದಮ್ಮಯ್ಯ."

"ಅಲ್ಲಿ ಗಿರಣ್ಯಾಗ ಸುಮ್ನ ಇರ್ತಾರೇನ್ರಿ ಚಾಚಾ? ರೂಢಿ ಆಗ್ಲಿ."

ಪಾಡ್ಯದ ದಿನ ನನಗೂ ಕರೆ ಬಂದಿತ್ತು. ಕಾಟಾದ ಕೋಣೆಯ ಬಾಗಿಲಿಗೆ ಚೆಂಡುಹೂವಿನ ಮಾಲೆ. ಕಂಪ್ಯೂಟರಿನ ನೆತ್ತಿಗೆ ಕುಂಕುಮ. ಲಕ್ಷ್ಮಿಯ ಪಟದ ಮುಂದೆ ಖಾಲಿ ತಟ್ಟೆ ಚೀಟಿಗಾಗಿ ಕಾಯುತ್ತಿತ್ತು. ಮಾಲೀಕರ ಮನೆಯ ಹೆಣ್ಣುಮಕ್ಕಳೂ ಬಂದಿದ್ದರು. ಕಿಟಕಿಯಾಚೆ ಅದೇ ಡ್ರೈವರುಗಳು. ಪೂಜೆ ಮುಗಿಯಿತು. ಮಾಲೀಕರು ಕೈ ಮಾಡಿದರು. ಮುಹೂರ್ತದ ಮಾಲು ಕಾಟಾದ ಮೇಲೆ ಬಂತು.

ಅದು ಲಾರಿಯಲ್ಲ. ಎತ್ತಿನ ಬಂಡಿ.

ಮುಹೂರ್ತದ ಹತ್ತಿ ಸಿರಸಂಗಿಯ ಒಂದು ಮನೆತನದ ಬಂಡಿಯಲ್ಲೇ ಬರಬೇಕೆಂಬುದು ಆ ಗಿರಣಿಯ ಹಳೆಯ ಪದ್ಧತಿಯಂತೆ. ಎಲ್ಲರಿಗೂ ಗೊತ್ತಿದ್ದ ವಿಷಯವಾದ್ದರಿಂದ ಯಾರೂ ನಮಗೆ ಹೇಳಿರಲಿಲ್ಲ. ಹಿಂದಿನ ಗುಮಾಸ್ತರು ಕೈಯಿಂದ ರೈತನ ಹೆಸರು ಬರೆಯುತ್ತಿದ್ದರು. ಈಗ ಪರದೆ ಗಾಡಿಯ ನಂಬರು ಕೇಳುತ್ತಿತ್ತು. ಆ ಜಾಗ ಖಾಲಿ ಬಿಟ್ಟರೆ ಯಂತ್ರ ಮುಂದೆ ಹೋಗುವುದಿಲ್ಲ. ಉಸ್ತಾದರು ಕಲಿತದ್ದೆಲ್ಲ ನಂಬರು ಪಾಟಿಯ ವಿದ್ಯೆ. ಬಂಡಿಗೆ ಪಾಟಿ ಎಲ್ಲಿಂದ ಬರಬೇಕು?

ಮಾಲೀಕರ ಮುಖ ಸಣ್ಣದಾಯಿತು. ಇದು ಅವರಿಗೂ ಹೊಳೆದಿರಲಿಲ್ಲ. ಹೊರಗೆ ಯಾರೋ ಹಾರ್ನ್ ಹೊಡೆದರು.

ಉಸ್ತಾದರು ಕಿಟಕಿಯಿಂದ ಬಂಡಿಯನ್ನು ಮುಂದಿನಿಂದ ಹಿಂದಿನವರೆಗೆ, ಲಾರಿ ನೋಡುವಂತೆ ನೋಡಿದರು. "ಗೌಡ್ರ, ನಿಮ್ಮ ಊರ ಸವದತ್ತಿ ತಾಲೂಕಲ್ರಿ?" ಎಂದು ಕೂಗಿ ಕೇಳಿದರು.

"ಹೌದ್ರಿ."

ಅವರು ಕೀಲಿಮಣೆಗೆ ತಿರುಗಿದರು. ಕೆ. ಎ. ಎರಡು. ನಾಲ್ಕು. ನಮ್ಮ ತಾಲೂಕಿನ ಗಾಡಿಗಳಿಗೆಲ್ಲ ಬೀಳುವ ಅಂಕಿ ಅದು. ತುಟಿ ಪ್ರತಿ ಸಲ ಅಲುಗಿತು, ದನಿ ಹೊರಬರಲಿಲ್ಲ. ಸ್ವಲ್ಪ ತಡೆದರು. ಮತ್ತೊಂದು ಸಲ ಎರಡು.

"ಅದೇನದು ಕಡೀಕ?" ಎಂದರು ಮಾಲೀಕರು.

"ಪಾಸಿಂಗ್ ಬೈಲಹೊಂಗಲದ್ದು, ಇಂಜಿನ್ ಎರಡು."

ಯಂತ್ರ ಒಪ್ಪಿಕೊಂಡಿತು. ಹತ್ತಿಯ ಗುರುತಿನ ಅಂಕಿ ಕೇಳಿತು, ಹೊಡೆದರು. ಎತ್ತುಗಳು ಕಾಲು ಬದಲಿಸುತ್ತಿದ್ದವು, ಪರದೆಯ ಮೇಲೆ ತೂಕ ಮೇಲೆ ಕೆಳಗೆ ಕುಣಿಯುತ್ತಿತ್ತು. ಉಸ್ತಾದರ ಬೆರಳು ಎಂಟರ್ ಕೀಲಿಯ ಮೇಲೆ, ಮುಟ್ಟದೆ, ನಿಂತಿತ್ತು. ಹೊರಗೆ ಮತ್ತೆ ಹಾರ್ನ್ ಕೇಳಿಸಿತು. "ಯಾರಲೇ ಅಂವಾ? ಎತ್ತ ಬೆದರತಾವ!" ಎಂದು ಅವರು ತಿರುಗದೆಯೇ ಗದರಿದರು. ರೈತ ಎತ್ತುಗಳ ಕೊರಳು ನೇವರಿಸಿದ. ಅಂಕಿ ನಿಂತಿತು. ಉಸ್ತಾದರು ಒತ್ತಿದರು, ಬಿಟ್ಟರು.

ಪ್ರಿಂಟರು ಒಂದು ಚೀಟಿ ಕೊಟ್ಟು ಸುಮ್ಮನಾಯಿತು.

ಮಾಲೀಕರು ಅದನ್ನು ಹರಿದು, ಕನ್ನಡಕ ಸರಿಪಡಿಸಿಕೊಂಡು, ಎರಡು ಸಲ ಓದಿದರು. ಮನೆಯ ಹೆಣ್ಣುಮಕ್ಕಳಿಗೆ ತೋರಿಸಿದರು. ಲಕ್ಷ್ಮಿಯ ಮುಂದಿನ ತಟ್ಟೆಯಲ್ಲಿ ಇಟ್ಟರು. ಆಮೇಲೆ ಬೆಳಗಾವಿಗೆ ಫೋನು ಮಾಡಿ, ಆಪರೇಟರ್ ಬೇಡ ಎಂದು ಹೇಳಿದರು. ಉಸ್ತಾದರು ಮರುದಿನ ಬೆಳಿಗ್ಗೆಯಿಂದ ಕೆಲಸಕ್ಕೆ ಹಾಜರಾದರು.